ನಮ್ಮ ಹಿತ್ತಿಲ ಮಿಂಚುಹುಳ

ಮಿಂಚುಹುಳ ಸಗಣಿಹುಳದ ಗುಂಪಿಗೇ ಸೇರಿದ ಕೀಟ. ಅದರ ಹೊಟ್ಟೆಯ ತುದಿಯಲ್ಲಿ ಲೂಸಿಫೆರಿನ್ ಎಂಬ ವಸ್ತು ಇದೆ. ಅದು ಆಮ್ಲಜನಕದ ಜೊತೆ ಸೇರಿದಾಗ ಬೆಳಕು ಬರುತ್ತದೆ. ಈ ಬೆಳಕು ಸುಡುವುದಿಲ್ಲ. ಗಂಡು ಮಿನುಗಿ ಕರೆಯುತ್ತದೆ, ಹೆಣ್ಣು ಮಿನುಗಿ ಉತ್ತರ ಕೊಡುತ್ತದೆ.

ನಾನು ಒಂದನೇ ತರಗತಿಯಲ್ಲಿದ್ದಾಗ ಮುಂಗಾರು ಶುರುವಾದರೆ ಹಿತ್ತಿಲ ಬೇಲಿ ತುಂಬ ಮಿಂಚುಹುಳ. ಈ ವರ್ಷ ನಾನೂ ತಂಗಿಯೂ ಎಣಿಸಿದೆವು. ಮೂರೇ ಮೂರು!

ಇದಕ್ಕೆ ಕಾರಣಗಳು ಏನು? ಅದರ ಮರಿಹುಳ ತರಗೆಲೆ ಕೆಳಗೆ, ಒದ್ದೆ ಮಣ್ಣಲ್ಲಿ ಇದ್ದು ಬಸವನಹುಳು ತಿಂದು ಬೆಳೆಯುತ್ತದೆ. ನಾವು ಬೇಲಿ ಕಿತ್ತು ಕಾಂಪೌಂಡ್ ಕಟ್ಟಿದೆವು. ತರಗೆಲೆ ಗುಡಿಸಿ ಸುಟ್ಟೆವು. ಬದನೆ ಗಿಡಕ್ಕೆ ಔಷಧಿ ಹೊಡೆದೆವು. ಹಿತ್ತಿಲಲ್ಲಿ ರಾತ್ರಿಯೆಲ್ಲ ಬಲ್ಬು ಉರಿಯುತ್ತೆ. ಆ ಬೆಳಕಿನಲ್ಲಿ ಗಂಡಿಗೆ ಹೆಣ್ಣಿನ ಮಿನುಗು ಕಾಣುವುದಿಲ್ಲ. ಜೋಡಿ ಆಗದಿದ್ದರೆ ಮೊಟ್ಟೆಯೂ ಇಲ್ಲ.

ಬಲ್ಬು ಆರಿಸೋಣ ಅಂತ ಅಪ್ಪನಿಗೆ ಹೇಳಿದೆ. “ಹಾವುಗೀವು ಬಂದ್ರೆ ಅಜ್ಜಿಗೆ ಕಾಣ್ಬೇಕಲ್ಲ” ಅಂದ್ರು. ಅದೂ ನಿಜ. ಈಗ ರಾತ್ರಿ ಅಜ್ಜಿ ಬಚ್ಚಲಿಗೆ ಹೋಗುವಾಗ ನನ್ನನ್ನು ಎಬ್ಬಿಸ್ತಾರೆ. ನಾನು ಬಲ್ಬು ಹಾಕಿ, ಅವರು ಒಳಗೆ ಬಂದ ಮೇಲೆ ಆರಿಸುತ್ತೇನೆ.

ಗೆಳೆಯರೇ, ಹಿತ್ತಿಲ ಒಂದು ಮೂಲೆಯಲ್ಲಾದರೂ ತರಗೆಲೆ ಬಿಡಿ. ಬೇಡವಾದಾಗ ಬಲ್ಬು ಆರಿಸಿ. ಮುಂದಿನ ಮುಂಗಾರಿಗೆ ನಿಮ್ಮಲ್ಲಿ ಎಷ್ಟು ಬಂದವು ಅಂತ ಎಣಿಸಿ ಹೇಳಿ.