ಮನೆಯಲ್ಲಿ ಕಡಲನ್ನಿಡಬಯಸುವ ತಮ್ಮನ ಮಗನಿಗೆ



ಬೆಂಗಳೂರಿನ ನಿನ್ನ ಕೋಣೆಯ ಮೇಜಿನ ಮೇಲೆ 20 ಲೀಟರಿನ ಗಾಜಿನ ತೊಟ್ಟಿಯೊಂದನ್ನಿಟ್ಟು, ಅದರಲ್ಲಿ ಉಪ್ಪುನೀರು ತುಂಬಿ, ಹವಳಗಳನ್ನೂ ಅವುಗಳ ನಡುವೆ ಸುಳಿಯುವ ಮೀನುಗಳನ್ನೂ ಸಾಕಬೇಕೆಂಬ ಸಂಕಲ್ಪವನ್ನು ತಿಳಿಸಿ, ತೊಟ್ಟಿ ಚಿಕ್ಕದಾದ್ದರಿಂದ ಶ್ರಮವೂ ಚಿಕ್ಕದಾಗಿಯೇ ಇರುವುದಲ್ಲವೆ ಎಂದು ಕೇಳಿರುವೆ. ಸಂಕಲ್ಪವು ಒಳ್ಳೆಯದು; ಲೆಕ್ಕಾಚಾರ ಮಾತ್ರ ತಲೆಕೆಳಗಾಗಿದೆ. ಹವಳಗಳು ಬಾಳುವ ಕಡಲಿನ ಪರಮಗುಣ ಸ್ಥೈರ್ಯ. ಅಲ್ಲಿನ ಲವಣಾಂಶವೂ ಉಷ್ಣತೆಯೂ ದಿನದಿಂದ ದಿನಕ್ಕೆ ಅತ್ಯಲ್ಪವಾಗಿ ಮಾತ್ರ ವ್ಯತ್ಯಾಸಗೊಳ್ಳುವುದರಿಂದ, ಅಲ್ಲಿ ಹುಟ್ಟಿ ಬೆಳೆದ ಜೀವಿಗಳಿಗೆ ಏರುಪೇರನ್ನು ಸಹಿಸುವ ಅಭ್ಯಾಸವೇ ಇಲ್ಲ. ಆ ಸ್ಥೈರ್ಯವನ್ನು ಮನೆಯೊಳಗೆ ಒದಗಿಸಿಕೊಡುವುದೇ ಈ ವಿದ್ಯೆಯ ಸರ್ವಸ್ವ.

ಲೆಕ್ಕವನ್ನು ನೀನೇ ನೋಡು. ಕಡಲ ನೀರಿನ ಲವಣಾಂಶ ಸಾವಿರಕ್ಕೆ 35 ಪಾಲು. ನಿನ್ನ 20 ಲೀಟರಿನಿಂದ ಒಂದು ಲೀಟರು ಆವಿಯಾಗಿ ಹೋದರೆ, ಉಪ್ಪು ಆವಿಯಾಗದೆ ಉಳಿಯುವುದರಿಂದ, ಆ ಪ್ರಮಾಣ 37ರ ಸಮೀಪಕ್ಕೇರುವುದು. 120 ಲೀಟರಿನಲ್ಲಿ ಅಷ್ಟೇ ನೀರು ಇಂಗಿದರೆ ಏರಿಕೆ ಮೂರನೆಯ ಒಂದು ಪಾಲನ್ನೂ ಮುಟ್ಟದು. ಆದಕಾರಣ 60 ಸೆಂಟಿಮೀಟರು ಉದ್ದ, 45 ಅಗಲ, 45 ಎತ್ತರದ ತೊಟ್ಟಿಯನ್ನೇ ಕೊಳ್ಳತಕ್ಕದ್ದು. ನೀರು, ಕಲ್ಲು, ಗಾಜು, ಪೀಠ ಸೇರಿ ಭಾರವು ಒಂದೂವರೆ ಕ್ವಿಂಟಲನ್ನು ಮೀರುವುದರಿಂದ ಅದನ್ನು ಓದುವ ಮೇಜಿನ ಮೇಲಿಡಕೂಡದು. ಇಂಗಿದ ನೀರಿಗೆ ಬದಲಾಗಿ ಪ್ರತಿದಿನವೂ ಉಪ್ಪಿಲ್ಲದ ಶುದ್ಧ ನೀರನ್ನೇ ಎರೆಯಬೇಕು. ಉಪ್ಪುನೀರನ್ನು ಎರೆದರೆ ಲವಣವು ಏರುತ್ತಲೇ ಹೋಗುವುದು.

ಈ ನಿತ್ಯಕರ್ಮಕ್ಕೆ ಬೇಸರಿಸುವೆಯಾದರೆ ಆನ್ನಾ ಥಿನ್ ಎಂಬ ಬ್ರಿಟಿಷ್ ಮಹಿಳೆಯನ್ನು ಸ್ಮರಿಸು. 1846ರಲ್ಲಿ ಆಕೆ ಟಾರ್ಕಿ ಕರಾವಳಿಯಿಂದ ಕಲ್ಲುಹವಳಗಳನ್ನು ಲಂಡನ್ನಿಗೆ ತಂದಳು. ಪಂಪು, ವಿದ್ಯುತ್ತುಗಳಿಲ್ಲದ ಆ ಕಾಲದಲ್ಲಿ, ತೆರೆದ ಕಿಟಕಿಯ ಮುಂದೆ ನಿಂತು ಅವುಗಳ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತ ಗಾಳಿಯಾಡಿಸುವುದು ಆಕೆಯ ಮನೆಯ ಸೇವಕಿಯ ದಿನದಿನದ ಕೆಲಸವಾಗಿದ್ದಿತು. ಇಂದು ಅದೇ ಕೆಲಸವನ್ನು ನಿನ್ನ ಪಂಪು ಹಗಲಿರುಳೂ ಮಾಡುವುದು. ಆದರೆ ಕರೆಂಟು ಹೋದೊಡನೆ ಅದೂ ನಿಲ್ಲುವುದರಿಂದ, ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದನ್ನು ಮೀನಿಗಿಂತ ಮೊದಲೇ ಕೊಂಡಿಡು.

ಇನ್ನು ತೊಟ್ಟಿಗೆ ತುಂಬುವ ನೀರಿನ ಮಾತು: ಕಾವೇರಿ ನೀರಾಗಲಿ ಬೋರ್‌ವೆಲ್ ನೀರಾಗಲಿ ನೇರವಾಗಿ ಸಲ್ಲದು. ಆರ್.ಓ. ಯಂತ್ರದಿಂದ ಹೊರಬಿದ್ದ ನೀರನ್ನು ಅಯಾನುಗಳನ್ನು ಹೀರುವ ಡಿ.ಐ. ರಾಳದ ಮೂಲಕವೂ ಹಾಯಿಸಿ, ಕರಗಿದ ಲವಣಗಳನ್ನು ಅಳೆಯುವ ಟಿ.ಡಿ.ಎಸ್. ಮೀಟರು ಸೊನ್ನೆ ತೋರಿದ ಬಳಿಕವೇ ಕಡಲುಪ್ಪಿನ ಮಿಶ್ರಣವನ್ನು ಬೇರೊಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸು. ಅಡುಗೆಯ ಉಪ್ಪಿನಲ್ಲಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ದೊರೆಯವು. ಲವಣಾಂಶವನ್ನಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದರೆ, ಮೇಲಿನ ನೀಲಿಯೂ ಕೆಳಗಿನ ಬಿಳಿಯೂ ಕೂಡುವ ಗೆರೆಯು 35ರ ಮೇಲೆ ನಿಂತಿರಬೇಕು. ತಾಮ್ರದ ಕೊಡವನ್ನು ಈ ನೀರಿನ ಹತ್ತಿರಕ್ಕೂ ತರಬೇಡ. ನಮಗೆ ಹಿತವೆನಿಸಿದ ತಾಮ್ರವು ಸಿಗಡಿ, ಶಂಖದ ಹುಳು, ಹವಳಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ವಿಷ. ಕೋಣೆಯಲ್ಲಿ ಸೊಳ್ಳೆಯ ಔಷಧಿಯನ್ನೂ ಸಿಂಪಡಿಸಕೂಡದು.

ಬಳಿಕ ಬರುವುದೇ ಕಾಯುವ ಪರ್ವ. ಮರಳು, ಕಲ್ಲುಗಳನ್ನಿಟ್ಟು, ಉಷ್ಣತೆಯನ್ನು 25–26 ಡಿಗ್ರಿಗೆ ನಿಲ್ಲಿಸಿ, ನಡೆಯುತ್ತಿರುವ ತೊಟ್ಟಿಯೊಂದರಿಂದ ಹಿಡಿ ಮರಳನ್ನು ತಂದು ಹಾಲಿಗೆ ಹೆಪ್ಪು ಹಾಕುವಂತೆ ಬೆರೆಸಿ, ಚಿಟಿಕೆ ಮೀನಿನ ಆಹಾರವನ್ನು ಕೊಳೆಯಲು ಬಿಡು. ಆಗ ಹುಟ್ಟುವ ಅಮೋನಿಯವನ್ನು ಒಂದು ಬಗೆಯ ಸೂಕ್ಷ್ಮಾಣುಗಳು ನೈಟ್ರೈಟನ್ನಾಗಿಯೂ, ಅದನ್ನು ಇನ್ನೊಂದು ಬಗೆಯವು ಅಷ್ಟು ಹಾನಿಯಿಲ್ಲದ ನೈಟ್ರೇಟನ್ನಾಗಿಯೂ ಪರಿವರ್ತಿಸುವುವು. ಈ ಅಗೋಚರ ಸಂಸಾರವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುವುದು. ಟೆಸ್ಟ್ ಕಿಟ್ಟಿನಲ್ಲಿ ಮೊದಲೆರಡೂ ಸೊನ್ನೆಯಾಗುವವರೆಗೆ ಒಂದು ಮೀನನ್ನೂ ಬಿಡದಿರು. ನಡುವೆ ಮರಳಿನ ಮೇಲೆ ಕಂದು ಪಾಚಿ ಹಬ್ಬಿದರೆ ಗಾಬರಿಯಿಂದ ಔಷಧಿ ಸುರಿಯದಿರು. ಬಹುಮಟ್ಟಿಗೆ ಅದು ತಾನೇ ಇಳಿಯುವುದು.

ಇನ್ನು ಏನನ್ನು ಕೊಳ್ಳಬಾರದೆಂಬುದನ್ನು ಹೇಳಲೇಬೇಕು. ಕಲ್ಲುಹವಳಗಳೂ ಕಡಲ್ಗುದುರೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ; ಅಲ್ಲಿ ಹುಲಿಗಿರುವ ರಕ್ಷಣೆಯೇ ಇವಕ್ಕೂ ಉಂಟು. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿರುವುದನ್ನು ನೀನು ಬಲ್ಲೆ; ಅಂಥ ಕಡಲಿನಿಂದ ಒಡೆದು ತಂದ ಕಲ್ಲನ್ನು ಯಾರಾದರೂ ಅಗ್ಗವಾಗಿ ಕೊಡಬಂದರೆ ಮುಟ್ಟಬೇಡ. ನಿನಗೆ ಕಾರ್ಖಾನೆಯ ಕೃತಕ ಶಿಲೆಯೇ ಸಾಕು. ಅದರ ಮೇಲೆ, ಮೀನು ಬಂದು ಕೆಲವು ತಿಂಗಳಾದ ಬಳಿಕ, ಮೂಲವನ್ನು ವಿಚಾರಿಸಿ ಪಡೆದ, ತೊಟ್ಟಿಯಲ್ಲಿಯೇ ಬೆಳೆಸಿದ ಮೃದುಹವಳದ ತುಣುಕುಗಳನ್ನು ನೆಡು. ಅವುಗಳಲ್ಲಿ ಜೋಆಂಥಿಡ್ ಎಂಬ ವರ್ಣರಂಜಿತ ಗುಂಪಿನ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಘೋರ ವಿಷವಿರುವುದರಿಂದ, ಕೈಗವಸೂ ಕನ್ನಡಕವೂ ಇಲ್ಲದೆ ಅವನ್ನು ಕತ್ತರಿಸದಿರು, ಅವು ಹತ್ತಿದ ಕಲ್ಲನ್ನು ಸರ್ವಥಾ ಕುದಿಸದಿರು.

ಮೊದಲ ಮೀನಾಗಿ ಕ್ಲೌನ್ ಜೋಡಿಯೊಂದು ಯೋಗ್ಯವಾದುದು. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಅವುಗಳ ಮರಿಗಳನ್ನು ಹ್ಯಾಚರಿಯಲ್ಲಿ ಬೆಳೆಸುವ ಕ್ರಮವನ್ನು ಸಾಧಿಸಿರುವುದರಿಂದ, ಕಡಲಿನಿಂದ ಹಿಡಿದವುಗಳ ಅಗತ್ಯವಿಲ್ಲ. ಎರಡು ಎಳೆಯ ಮರಿಗಳನ್ನು ತಂದರೆ ಸಾಕು. ಹುಟ್ಟುವಾಗ ಹೆಣ್ಣಾಗಿರದ ಇವುಗಳಲ್ಲಿ ಪ್ರಬಲವಾದುದು ಕಾಲಕ್ರಮದಲ್ಲಿ ಹೆಣ್ಣಾಗುವುದು. ದೀಪವನ್ನು ದಿನಕ್ಕೆ ಎಂಟು ಗಂಟೆ ಟೈಮರಿನ ವಶಕ್ಕೆ ಬಿಡು. ಹವಳದ ಮೈಯೊಳಗಿನ ಏಕಕೋಶ ಪಾಚಿಗಳು ಆ ಬೆಳಕಿನಿಂದಲೇ ಅದಕ್ಕೆ ಆಹಾರವನ್ನು ಒದಗಿಸುವುವು. ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ಬದಲಿಸು.

ಕೊನೆಯದಾಗಿ, ಉದ್ಯೋಗನಿಮಿತ್ತವಾಗಿ ನೀನು ಊರು ಬಿಡಬೇಕಾಗಿ ಬರಬಹುದು. ಆಗ ಈ ಜೀವಿಗಳನ್ನು ಕರುಣೆಯೆಂದು ಭಾವಿಸಿ ಕಡಲಿಗೆ ಬಿಡುವುದು ಅಪರಾಧಕ್ಕೆ ಸಮಾನ. ಅನ್ಯದೇಶದ ಪ್ರಾಣಿಯೂ ಅದರೊಡನೆ ರೋಗವೂ ಅಲ್ಲಿ ನೆಲಸಿಬಿಡಬಹುದು. ತೊಟ್ಟಿಯನ್ನು ಕೊಳ್ಳುವ ಮೊದಲೇ, ರಜೆಯಲ್ಲಿ ನೀರೆರೆಯುವವರು ಯಾರು, ನೀನಿಲ್ಲದಾಗ ಇವನ್ನು ವಹಿಸಿಕೊಳ್ಳುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಬರೆದು ಕಳುಹಿಸು. ಆ ಉತ್ತರ ತಲುಪಿದ ದಿನವೇ ತೊಟ್ಟಿಯ ಹಣವನ್ನು ನಾನು ಕಳುಹಿಸುವೆನು.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ