ಬಿಡುವುದನ್ನು ಕಲಿಸುವ ಓಟ

ಓಟದ ಪಂದ್ಯದಲ್ಲಿ ಕಾಲಿಗೆ ಕೆಲಸ. ಚದುರಂಗದ ಮಣೆಯ ಮುಂದೆ ತಲೆಗೆ ಕೆಲಸ. ಆದರೆ ಕಾಲು ಓಡುತ್ತಿರುವಾಗಲೇ ತಲೆಯೂ ಲೆಕ್ಕ ಹಾಕುತ್ತಿರಬೇಕಾದ ಆಟವೊಂದುಂಟು. ಅದರ ಹೆಸರು ಓರಿಯಂಟಿಯರಿಂಗ್. ನಕ್ಷೆ ಹಾಗೂ ದಿಕ್ಸೂಚಿಗಳ ನೆರವಿನಿಂದ ಅಪರಿಚಿತ ಪ್ರದೇಶದಲ್ಲಿ ದಾರಿ ಕಂಡುಕೊಂಡು, ಗೊತ್ತುಪಡಿಸಿದ ಸ್ಥಳಗಳನ್ನು ಮುಟ್ಟಿ ಬರುವುದೇ ಈ ಆಟದ ತಿರುಳು.

ಈ ಆಟದ ತವರು ಉತ್ತರ ಯೂರೋಪಿನ ಸ್ವೀಡನ್ ಮತ್ತು ನಾರ್ವೆ ದೇಶಗಳು. ದಟ್ಟವಾದ ಕಾಡುಗಳಲ್ಲಿ ದಾರಿ ತಪ್ಪದೆ ಸಾಗುವುದನ್ನು ಅಲ್ಲಿನ ಸೈನಿಕರು ಶಿಕ್ಷಣದ ಅಂಗವಾಗಿ ಕಲಿಯುತ್ತಿದ್ದರು. 1897ರಲ್ಲಿ ನಾರ್ವೆಯ ಇಂದಿನ ಓಸ್ಲೋ ನಗರದ ಸಮೀಪದಲ್ಲಿ ಸಾರ್ವಜನಿಕರಿಗಾಗಿ ಸ್ಪರ್ಧೆಯೊಂದು ನಡೆಯಿತು. 1919ರಲ್ಲಿ ಸ್ವೀಡನ್ನಿನ ಅರ್ನ್‌ಸ್ಟ್ ಕಿಲಾಂಡರ್ ಎಂಬಾತನು ಸ್ಟಾಕ್‌ಹೋಮಿನ ಬಳಿ ಏರ್ಪಡಿಸಿದ ಸ್ಪರ್ಧೆಯಲ್ಲಿ 200ಕ್ಕೂ ಹೆಚ್ಚು ಮಂದಿ ಪಾಲ್ಗೊಂಡರು. 1961ರಲ್ಲಿ ಈ ಆಟಕ್ಕೆ ಅಂತರರಾಷ್ಟ್ರೀಯ ಒಕ್ಕೂಟವೂ ಸ್ಥಾಪನೆಯಾಯಿತು.

ಕಾಡಿನಲ್ಲಿ ಹುಟ್ಟಿದ ಆಟ ಕಾಲಕ್ರಮೇಣ ಊರನ್ನೂ ಪ್ರವೇಶಿಸಿತು. ಲಂಡನ್ ನಗರದಲ್ಲಿ ಚಳಿಗಾಲದ ಸಂಜೆಗಳಲ್ಲಿ, ದಿನದ ಕೆಲಸ ಮುಗಿಸಿ ಬಂದ ಜನರು ದೀಪದ ಬೆಳಕಿನಲ್ಲಿ ಬೀದಿಬೀದಿಗಳನ್ನು ಸುತ್ತುತ್ತ ಈ ಆಟವನ್ನು ಆಡುತ್ತಾರೆ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಇದು ಬೇಸಿಗೆಯ ಸಂಜೆಗಳ ಆಟ. ಇದಕ್ಕೆ ಮೈದಾನ ಬೇಕಿಲ್ಲ, ಬೆಲೆಬಾಳುವ ಸಲಕರಣೆ ಬೇಕಿಲ್ಲ. ಒಂದು ಹಾಳೆಯ ನಕ್ಷೆ, ಒಂದು ಗಡಿಯಾರ, ಒಂದು ಪೆನ್ಸಿಲ್ ಇದ್ದರೆ ಸಾಕು.

ಆಟದ ಕ್ರಮ ಸರಳವಾದುದು. ನಕ್ಷೆಯಲ್ಲಿ ಇಪ್ಪತ್ತು ಮೂವತ್ತು ಕಡೆ ಸಣ್ಣ ವೃತ್ತಗಳನ್ನು ಗುರುತಿಸಿರುತ್ತಾರೆ. ಇಂಥ ಒಂದೊಂದು ಗುರುತನ್ನೂ ನೆಲೆ ಎಂದು ಕರೆಯಬಹುದು. ನೆಲೆಯಲ್ಲಿ ಒಂದು ದೀಪದ ಕಂಬವೋ ಅಂಚೆಯ ಪೆಟ್ಟಿಗೆಯೋ ಹಳೆಯ ಕಟ್ಟಡದ ಫಲಕವೋ ಇರುತ್ತದೆ. ಕಂಬದ ಸಂಖ್ಯೆ ಎಷ್ಟು, ಫಲಕದಲ್ಲಿರುವ ಇಸವಿ ಯಾವುದು ಎಂಬಂಥ ಪ್ರಶ್ನೆಗೆ ಉತ್ತರ ಬರೆದುಕೊಂಡರೆ, ಸ್ಪರ್ಧಿಯು ಅಲ್ಲಿಗೆ ಹೋಗಿದ್ದನೆಂಬುದಕ್ಕೆ ಅದೇ ಸಾಕ್ಷಿ. ಅಂಕಗಳ ಸ್ಪರ್ಧೆಯಲ್ಲಿ ಪ್ರತಿ ನೆಲೆಗೂ ಇಂತಿಷ್ಟು ಅಂಕವೆಂದು ನಿಗದಿಯಾಗಿರುತ್ತದೆ. ಯಾವ ನೆಲೆಗೆ ಮೊದಲು ಹೋಗಬೇಕು, ಯಾವುದನ್ನು ಬಿಡಬೇಕು ಎಂಬುದು ಸ್ಪರ್ಧಿಯ ಇಚ್ಛೆಗೆ ಸೇರಿದ್ದು. ಕಟ್ಟುಪಾಡು ಒಂದೇ: ಗೊತ್ತಾದ ಅವಧಿಯೊಳಗೆ, ಬಹುಮಟ್ಟಿಗೆ ಒಂದು ಗಂಟೆಯೊಳಗೆ, ಹೊರಟ ಸ್ಥಳಕ್ಕೆ ಹಿಂದಿರುಗಬೇಕು. ತಡವಾದರೆ ಗಳಿಸಿದ ಅಂಕಗಳಲ್ಲಿ ಕಡಿತವುಂಟು.

ಎಲ್ಲ ನೆಲೆಗಳನ್ನೂ ಮುಟ್ಟಿ ಬರುವಷ್ಟು ಸಮಯ ಹೆಚ್ಚಿನವರಿಗೆ ಇರುವುದಿಲ್ಲ. ಆಟವನ್ನು ಏರ್ಪಡಿಸುವವರು ಬೇಕೆಂದೇ ಹಾಗೆ ಮಾಡಿರುತ್ತಾರೆ. ಆದ್ದರಿಂದ ಏನನ್ನು ಹಿಡಿಯಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದೇ ಇಲ್ಲಿ ದೊಡ್ಡ ಪ್ರಶ್ನೆ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಈ ಆಟಗಾರನಿಗೆ ಮೊದಲ ಪಾಠ. ನಕ್ಷೆಯ ಒಂದು ಸೆಂಟಿಮೀಟರು ನೆಲದ ಮೇಲೆ 100 ಮೀಟರಿಗೆ ಸಮವೆಂದು ಇಟ್ಟುಕೊಳ್ಳೋಣ. ಪ್ರಶ್ನೆಗಳನ್ನು ಓದುವುದು, ಉತ್ತರ ಬರೆಯುವುದು, ರಸ್ತೆ ದಾಟಲು ಕಾಯುವುದು ಇವೆಲ್ಲ ಸೇರಿ ಗಂಟೆಗೆ 8 ಕಿಲೋಮೀಟರು ಕ್ರಮಿಸಬಲ್ಲವನಿಗೆ ನಕ್ಷೆಯ ಮೇಲೆ ದೊರೆಯುವುದು 80 ಸೆಂಟಿಮೀಟರು ಉದ್ದದ ದಾರ. ಆ ದಾರದ ಎರಡು ತುದಿಗಳೂ ಹೊರಟ ಸ್ಥಳದಲ್ಲೇ ಕಟ್ಟಿಕೊಂಡಿರುತ್ತವೆ. ದಾರವನ್ನು ಹೇಗೆ ಬಾಗಿಸಿದರೂ ಸರಿಯೆ, ಅದರ ಉದ್ದ ಮಾತ್ರ ಬೆಳೆಯದು. ನಡೆದು ಹೋಗುವವನ ದಾರ 50 ಸೆಂಟಿಮೀಟರಾಗಬಹುದು. ಪರರ ದಾರವನ್ನು ನೋಡಿ ತನ್ನ ದಾರಿಯನ್ನು ಗೊತ್ತುಮಾಡುವವನು ಆರಂಭದಲ್ಲೇ ಸೋತಂತೆ.

ಎರಡನೆಯ ಪಾಠ ಬೆಲೆಯನ್ನು ಅಳೆಯುವ ಬಗೆಗೆ ಸಂಬಂಧಿಸಿದ್ದು. ದೂರದ ಮೂಲೆಯಲ್ಲಿ 50 ಅಂಕಗಳ ನೆಲೆಯೊಂದಿದೆ; ಅದನ್ನು ಮುಟ್ಟಲು ದಾರಿ ಬಿಟ್ಟು ಹೋಗಿ ಬರುವುದಕ್ಕೆ 10 ನಿಮಿಷ ಹೆಚ್ಚು ಹಿಡಿಯುತ್ತದೆ. ಸಾಗುವ ದಾರಿಯ ಅಕ್ಕಪಕ್ಕದಲ್ಲಿ 20 ಅಂಕಗಳ ಮೂರು ನೆಲೆಗಳಿವೆ. ಮೂರಕ್ಕೂ ಸೇರಿ 6 ನಿಮಿಷ ಸಾಕು. ಮೊದಲನೆಯದರಲ್ಲಿ ನಿಮಿಷಕ್ಕೆ ದೊರೆಯುವುದು 5 ಅಂಕ. ಎರಡನೆಯದರಲ್ಲಿ 10 ಅಂಕ. ಕಣ್ಣಿಗೆ ದೊಡ್ಡದಾಗಿ ಕಂಡದ್ದು ಲೆಕ್ಕದಲ್ಲಿ ಚಿಕ್ಕದಾಯಿತು! ಆದರೆ ಆ ದೂರದ ನೆಲೆಯ ಸುತ್ತ ಇನ್ನೂ ಮೂರು ನಾಲ್ಕು ನೆಲೆಗಳು ಗುಂಪಾಗಿದ್ದರೆ ಅತ್ತ ಹೋಗುವುದೇ ಜಾಣತನವಾದೀತು. ನೆಲೆಯ ಬೆಲೆ ಅದರ ಮೇಲೆ ಬರೆದ ಅಂಕದಲ್ಲಿ ಮಾತ್ರ ಇರುವುದಿಲ್ಲ. ಅದರ ನೆರೆಹೊರೆಯಲ್ಲಿಯೂ ಇರುತ್ತದೆ.

ಮೂರನೆಯದು ದೂರವನ್ನು ಕುರಿತದ್ದು. ಹಕ್ಕಿಗೆ ಹತ್ತಿರವಾದದ್ದು ಮನುಷ್ಯನಿಗೆ ಹತ್ತಿರವಾಗಬೇಕೆಂದಿಲ್ಲ. ಚೌಕಾಕಾರದ ಬೀದಿಗಳಿರುವ ಬಡಾವಣೆಯಲ್ಲಿ ಪೂರ್ವಕ್ಕೆ 300 ಮೀಟರು, ಉತ್ತರಕ್ಕೆ 400 ಮೀಟರು ದೂರದ ಸ್ಥಳಕ್ಕೆ ಹಕ್ಕಿಯು 500 ಮೀಟರು ಹಾರಿದರೆ ಸಾಕು. ಓಟಗಾರನು 700 ಮೀಟರು ಓಡಲೇಬೇಕು. ರೈಲುಹಳಿ, ಕಾಲುವೆ, ಮುಂದೆ ದಾರಿಯಿಲ್ಲದ ಗಲ್ಲಿ ಇವು ಅಡ್ಡ ಬಂದರೆ ಅಂತರ ಇನ್ನೂ ಹೆಚ್ಚುತ್ತದೆ. ಲಂಡನ್ನಿನಲ್ಲಿ ಥೇಮ್ಸ್ ನದಿಯೇ ದೊಡ್ಡ ಗೋಡೆ. ನದಿಯ ಈ ದಡದಲ್ಲೊಂದು, ಆ ದಡದಲ್ಲೊಂದು ನೆಲೆಯಿದ್ದು, ಅವುಗಳ ನಡುವಣ ಅಂತರ 300 ಮೀಟರೆಂದು ಭಾವಿಸಬಹುದು. ಸೇತುವೆಯು 700 ಮೀಟರು ಆಚೆಗಿದ್ದರೆ ಹೋಗಬೇಕಾದ ದಾರಿ 1,700 ಮೀಟರಾಗುತ್ತದೆ! ನಗರದ ಪೂರ್ವಭಾಗದಲ್ಲಿ ಸೇತುವೆಗಳು ವಿರಳ. ಅಲ್ಲಿ ಕಾಲುನಡಿಗೆಯವರಿಗಾಗಿ ನದಿಯ ತಳದಲ್ಲಿ ಕೊರೆದ ಸುರಂಗಗಳು, 1902ರಲ್ಲಿ ಗ್ರೀನಿಚ್‌ನಲ್ಲಿ ಒಂದು, 1912ರಲ್ಲಿ ವುಲಿಚ್‌ನಲ್ಲಿ ಒಂದು, ತೆರೆದವು. ಇಂಥ ಕಡೆಗಳಲ್ಲಿ ಅನುಭವಿಯು ನೆಲೆಗಳನ್ನು ನೋಡುವ ಮೊದಲು ದಾಟುವ ತಾಣಗಳನ್ನು ಹುಡುಕುತ್ತಾನೆ.

ಆಯ್ದ ನೆಲೆಗಳನ್ನು ಯಾವ ಕ್ರಮದಲ್ಲಿ ಮುಟ್ಟಬೇಕು? ಐದು ನೆಲೆಗಳನ್ನು 120 ಕ್ರಮಗಳಲ್ಲಿ ಜೋಡಿಸಬಹುದು. ಹತ್ತು ನೆಲೆಗಳಾದರೆ ಕ್ರಮಗಳು 36,28,800. ಇಪ್ಪತ್ತಾದರೆ, 24ರ ಮುಂದೆ 17 ಸೊನ್ನೆಗಳನ್ನಿಟ್ಟರೆ ಬರುವ ಸಂಖ್ಯೆಗಿಂತಲೂ ಅಧಿಕ! ಎಲ್ಲವನ್ನೂ ಪರೀಕ್ಷಿಸಿ ಉತ್ತಮವಾದುದನ್ನು ಆರಿಸುವುದು ಅಸಾಧ್ಯ. 1987ರಲ್ಲಿ ಗೋಲ್ಡನ್, ಲೆವಿ ಮತ್ತು ವೋಹ್ರಾ ಎಂಬ ವಿದ್ವಾಂಸರು ಇದನ್ನು ಗಣಿತದ ಪ್ರಶ್ನೆಯನ್ನಾಗಿ ವಿವೇಚಿಸಿ, ಆಟದ ಹೆಸರನ್ನೇ ಅದಕ್ಕಿಟ್ಟರು. ನೆಲೆಗಳು ಹೆಚ್ಚಿದಂತೆ ಅತ್ಯುತ್ತಮ ಉತ್ತರವನ್ನು ಕಂಡುಹಿಡಿಯುವುದು ಗಣಕಯಂತ್ರಕ್ಕೂ ಕಠಿಣವಾಗುತ್ತದೆಂದು ತಿಳಿದುಬಂದಿದೆ. ಒಂದೇ ದಿನದಲ್ಲಿ ಊರು ನೋಡಬೇಕಾದ ಪ್ರವಾಸಿಯ ಮುಂದಿರುವುದೂ ಇದೇ ಪ್ರಶ್ನೆ.

ಹಾಗೆಂದು ಓಟಗಾರನು ಕೈಕಟ್ಟಿ ಕೂರುವಂತಿಲ್ಲ. ಅವನಿಗೆ ಬೇಕಾದುದು ಅತ್ಯುತ್ತಮವಲ್ಲ. ಸಾಕಷ್ಟು ಉತ್ತಮವಾದ ದಾರಿ. ರೇಖಾಗಣಿತದ ಒಂದು ಸರಳ ತತ್ತ್ವ ಇಲ್ಲಿ ನೆರವಾಗುತ್ತದೆ. ತ್ರಿಕೋನದ ಎರಡು ಭುಜಗಳ ಮೊತ್ತವು ಮೂರನೆಯ ಭುಜಕ್ಕಿಂತ ಹೆಚ್ಚಷ್ಟೆ? ಆದ್ದರಿಂದ ಗೀಚಿದ ದಾರಿಯ ಗೆರೆ ತನ್ನನ್ನು ತಾನೇ ಕತ್ತರಿಸಿದರೆ, ಆ ಗಂಟನ್ನು ಬಿಡಿಸಿದಾಗ ದಾರಿ ಸಾಮಾನ್ಯವಾಗಿ ಕಿರಿದಾಗುತ್ತದೆ. ಹೋದ ಬೀದಿಯಲ್ಲೇ ಮರಳಿ ಬರದೆ, ಬಳೆಯಂತೆ ಸುತ್ತಿ ಬರುವ ದಾರಿ ಲೇಸು.

ಇವೆಲ್ಲಕ್ಕಿಂತ ಮುಖ್ಯವಾದುದು ಮರಳುವ ಯೋಚನೆ. ಜಾಣನಾದವನು ಹೋಗುವ ದಾರಿಯನ್ನು ಯೋಚಿಸುವಾಗಲೇ ಬರುವ ದಾರಿಯನ್ನೂ ಯೋಚಿಸಿರುತ್ತಾನೆ. ಹೊರಟ ಸ್ಥಳದ ಸಮೀಪದಲ್ಲಿರುವ ಎರಡು ಮೂರು ನೆಲೆಗಳನ್ನು ಕೊನೆಗೆಂದು ಉಳಿಸಿಕೊಳ್ಳುತ್ತಾನೆ. ಸಮಯ ಮಿಕ್ಕರೆ ಅವನ್ನು ಮುಟ್ಟುತ್ತಾನೆ. ಮಿಗದಿದ್ದರೆ ನೇರವಾಗಿ ಬಂದು ಸೇರುತ್ತಾನೆ. ಅರ್ಧ ಗಂಟೆ ಕಳೆದಾಗ ಗಡಿಯಾರ ನೋಡಿ, ಅಂದುಕೊಂಡಷ್ಟು ದಾರಿ ಸಾಗದಿದ್ದರೆ ಉಳಿದುದನ್ನು ಅಲ್ಲೇ ಮೊಟಕುಗೊಳಿಸುತ್ತಾನೆ.

ಒಂದು ಸ್ಪರ್ಧೆಯಲ್ಲಿ ತಡವಾದ ಪ್ರತಿ ನಿಮಿಷಕ್ಕೆ 10 ಅಂಕ ಕಡಿತವೆಂದು ಭಾವಿಸೋಣ. ಗಡಿಯಾರ 54 ನಿಮಿಷ ತೋರಿಸುತ್ತಿದೆ. ನೇರವಾಗಿ ಹಿಂದಿರುಗಲು 4 ನಿಮಿಷ ಬೇಕು. ಪಕ್ಕದ ಗಲ್ಲಿಯ 30 ಅಂಕಗಳ ನೆಲೆಯನ್ನು ಮುಟ್ಟಿ ಹೋಗಲು 9 ನಿಮಿಷ. ಮುಟ್ಟಿದರೆ 3 ನಿಮಿಷ ತಡ. ಬಂದ 30 ಅಂಕವೂ ಹೋಯಿತು, ಬೆವರು ಮಾತ್ರ ಲಾಭ. ನಡುವೆ ರಸ್ತೆಯ ಕೆಂಪು ದೀಪ ಒಂದು ನಿಮಿಷ ತಡೆದರೆ ಕೈಯಲ್ಲಿದ್ದ ಅಂಕಗಳಿಗೂ ಸಂಚಕಾರ. ಈ ಲೆಕ್ಕ ತಿಳಿದಿದ್ದರೂ ಎಷ್ಟೋ ಮಂದಿ ಗಲ್ಲಿಯತ್ತ ತಿರುಗುವರು. ನೆಲೆಯು ಅಷ್ಟು ಸಮೀಪದಲ್ಲಿ ಕಾಣುತ್ತಿರುವಾಗ ಅದನ್ನು ಬಿಟ್ಟು ಹೋಗಲು ಕಾಲಿನ ಬಲ ಸಾಲದು, ಮನಸ್ಸಿನ ಬಲ ಬೇಕು. 65 ನಿಮಿಷ ಓಡಿ 420 ಅಂಕ ಗಳಿಸಿದ ಬಲಶಾಲಿಗೆ ಕಡೆಗೆ ಉಳಿಯುವುದು 370. 59 ನಿಮಿಷದಲ್ಲಿ 390 ಅಂಕ ಗಳಿಸಿ ಬಂದ ಮಂದಗತಿಯವನು ಅವನನ್ನು ಸೋಲಿಸುತ್ತಾನೆ.

ಅವಸರದಲ್ಲಿ ಮರೆಯಬಾರದ ಇನ್ನೊಂದು ಸಂಗತಿಯಿದೆ. ಈ ಆಟಕ್ಕಾಗಿ ನಗರವು ತನ್ನ ಸಂಚಾರವನ್ನು ನಿಲ್ಲಿಸುವುದಿಲ್ಲ. ಕೆಂಪು ದೀಪವಿದ್ದಾಗ ನಿಲ್ಲುವುದು, ಪರರ ಅಂಗಳವನ್ನು ತುಳಿಯದಿರುವುದು, ಕತ್ತಲಲ್ಲಿ ವಾಹನದವರ ಕಣ್ಣಿಗೆ ಬೀಳುವ ಉಡುಪು ಧರಿಸುವುದು ಸ್ಪರ್ಧಿಯ ಕರ್ತವ್ಯ. ಒಂದು ನಿಮಿಷವನ್ನು ಉಳಿಸಲು ಹೋಗಿ ಪ್ರಾಣವನ್ನು ಪಣವಾಗಿಡುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆಯನ್ನು ಹಿಡಿದು ಕುಳಿತ ವಿದ್ಯಾರ್ಥಿಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಕಠಿಣವಾದ ಒಂದೇ ಪ್ರಶ್ನೆಗೆ ಅಂಟಿಕೊಂಡು ಅರ್ಧ ಗಂಟೆ ಕಳೆದವನು, ಬಲ್ಲ ಉತ್ತರಗಳನ್ನು ಬರೆಯಲಾಗದೆ ಘಂಟೆಯ ಸದ್ದು ಕೇಳಿ ಪರಿತಪಿಸುತ್ತಾನೆ. ಅಲ್ಲಿಯೂ ಮೊದಲು ಪತ್ರಿಕೆಯನ್ನು ಪೂರ್ತಿ ನೋಡಬೇಕು, ತನ್ನ ಶಕ್ತಿಯನ್ನು ಅಳೆಯಬೇಕು, ಬಿಡತಕ್ಕದ್ದನ್ನು ಸಕಾಲದಲ್ಲಿ ಬಿಡಬೇಕು. ಬಿಟ್ಟದ್ದೆಲ್ಲ ಸೋಲಲ್ಲ, ತಿಳಿದು ಬಿಟ್ಟದ್ದು ಆಯ್ದುದಕ್ಕೆ ತೆತ್ತ ಬೆಲೆ.