ಏರಿನಲ್ಲಿ ಮಾತ್ರ ಕೈಕೊಡುವ ಎಸಿ

ಹೋದ ಬೇಸಿಗೆ ರಜೆಯಲ್ಲಿ ರೋಣದ ನಮ್ಮ ಓಣಿಯ ಗ್ಯಾರೇಜಿಗೆ ಒಂದು ಹಳೇ ಪೆಟ್ರೋಲ್ ಕಾರು ಬಂತು. ಹೊರದೇಶದ ಮಾಡೆಲ್, ಮಾಲೀಕರು ನರಗುಂದದವರು. ಅವರ ದೂರು ವಿಚಿತ್ರವಾಗಿತ್ತು. "ಸಪಾಟ ರಸ್ತೆದಾಗ ಎಸಿ ಗಾಳಿ ಮಾರಿಗೆ ಬರ್ತೈತ್ರಿ. ಗಜೇಂದ್ರಗಡದ ಏರು ಹತ್ತಾಕ ಹತ್ತಿದ್ರ ಮಾರಿಗೆ ಬರೂದು ನಿಂತು ಮುಂದಿನ ಗಾಜಿಗೆ ಹೊಡಿತೈತಿ. ಎರಡು ಸಲ ಗ್ಯಾಸ್ ತುಂಬಿಸೀನಿ, ರೊಕ್ಕ ಹೋತು, ಏನೂ ಆಗಲಿಲ್ಲ."

ಗ್ಯಾಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಗ್ಯಾಸ್ ಕಡಿಮೆಯಾದರೆ ಗಾಳಿ ತಣ್ಣಗಾಗುವುದಿಲ್ಲ, ಅಷ್ಟೇ. ಗಾಳಿ ದಿಕ್ಕು ಬದಲಿಸುತ್ತಿದೆ ಅಂದರೆ ಡ್ಯಾಶ್‌ಬೋರ್ಡಿನ ಒಳಗಿನ ಫ್ಲ್ಯಾಪುಗಳು ತಾವಾಗೇ ಸರಿಯುತ್ತಿವೆ ಎಂದರ್ಥ.

ನಮ್ಮ ಕಡೆ ಓಡಾಡುವ ಬಹುತೇಕ ಗಾಡಿಗಳಲ್ಲಿ ಈ ಫ್ಲ್ಯಾಪುಗಳನ್ನು ಕೇಬಲ್ಲು ಇಲ್ಲವೇ ಸಣ್ಣ ಮೋಟರು ತಿರುಗಿಸುತ್ತದೆ. ಹಳೆಯ ಅಮೆರಿಕನ್ ಕಾರುಗಳಲ್ಲಿ, ಕೆಲವು ಜರ್ಮನ್ ಕಾರುಗಳಲ್ಲಿ ಆ ಕೆಲಸ ಮಾಡುವುದು ವ್ಯಾಕ್ಯೂಮ್. ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ಪೈಪು ಹೊರಟು, ಚೆಕ್ ವಾಲ್ವ್ ದಾಟಿ, ಚೆಂಡಿನಂಥ ಒಂದು ಪ್ಲಾಸ್ಟಿಕ್ ಡಬ್ಬಿಗೆ ಕೂಡುತ್ತದೆ. ಅಲ್ಲಿಂದ ಡ್ಯಾಶ್‌ಬೋರ್ಡಿನ ಗುಬ್ಬಿಗೆ, ಗುಬ್ಬಿಯಿಂದ ಒಂದೊಂದು ಫ್ಲ್ಯಾಪಿನ ಡಯಾಫ್ರಾಮಿಗೆ. 5 ಸೆಂಟಿಮೀಟರ್ ವ್ಯಾಸದ ಡಯಾಫ್ರಾಮಿಗೆ 15 ಇಂಚು ಪಾದರಸದಷ್ಟು ವ್ಯಾಕ್ಯೂಮ್ ಸಿಕ್ಕರೆ ಎಷ್ಟು ಬಲ? ಕ್ಷೇತ್ರಫಲ ಸುಮಾರು 19.6 ಚದರ ಸೆಂಟಿಮೀಟರ್, ಒತ್ತಡದ ವ್ಯತ್ಯಾಸ ಸುಮಾರು 51 ಕಿಲೋಪ್ಯಾಸ್ಕಲ್. ಗುಣಿಸಿದರೆ 100 ನ್ಯೂಟನ್, ಅಂದರೆ 10 ಕಿಲೋ ತೂಕ ಎತ್ತುವಷ್ಟು. ಫ್ಲ್ಯಾಪಿಗೆ ಧಾರಾಳ ಸಾಕು. ವ್ಯಾಕ್ಯೂಮ್ ಹೋದರೆ ಸ್ಪ್ರಿಂಗು ಫ್ಲ್ಯಾಪನ್ನು ಗಾಜಿನ ಕಡೆಗೆ ತಳ್ಳುತ್ತದೆ. ಇದು ಬೇಕಂತಲೇ ಮಾಡಿದ ಏರ್ಪಾಡು: ಏನೇ ಕೆಟ್ಟರೂ ಗಾಜಿನ ಮೇಲೆ ಮಂಜು ಕಟ್ಟದೆ ಡ್ರೈವರನಿಗೆ ರಸ್ತೆ ಕಾಣಬೇಕಲ್ಲ.

ಈಗ ಏರಿನ ಗುಟ್ಟು. ಪೆಟ್ರೋಲ್ ಎಂಜಿನ್ನಿನಲ್ಲಿ ವ್ಯಾಕ್ಯೂಮ್ ಹುಟ್ಟುವುದೇ ಥ್ರಾಟಲ್ ಮುಚ್ಚಿರುವುದರಿಂದ. ಏರು ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಹೆಚ್ಚುಕಡಿಮೆ ಸೊನ್ನೆ. ಆ ಹೊತ್ತಿಗೆ ಅಂತಲೇ ಡಬ್ಬಿಯ ಉಳಿತಾಯ ಇರುವುದು. ಎಲ್ಲೋ ಸೋರುತ್ತಿದ್ದರೆ ಸಪಾಟು ರಸ್ತೆಯಲ್ಲಿ ಎಂಜಿನ್ ಹೇಗೋ ತುಂಬಿಕೊಡುತ್ತದೆ, ಏರಿನಲ್ಲಿ ಉಳಿತಾಯ ಖಾಲಿಯಾಗುತ್ತದೆ.

ಮಿಸ್ತ್ರಿ ಕಾಕಾ ಮೊದಲು ಗೇಜು ಹಚ್ಚಿ ಐಡಲಿಂಗಿನಲ್ಲಿ ನೋಡಿದರು: 16 ಇಂಚು. ನಾನು ಜಾಣತನ ತೋರಿಸಿದೆ, "ಕಾಕಾ, ಪುಸ್ತಕದಾಗ 17ರಿಂದ 21 ಅಂತ ಐತಿ. ಎಂಜಿನ್ನೇ ಹೋಗೇತಿ."

"ಪುಸ್ತಕ ಬರದವರು ಸಮುದ್ರದ ದಂಡಿಗೆ ಕುಂತಿದ್ರೇನೋ ತಮ್ಮಾ," ಅಂದರು.

ಲೆಕ್ಕ ಹಾಕಿದರೆ ಅವರ ಮಾತು ಖರೇ. ನಮ್ಮ ಸೀಮೆ ಸುಮಾರು 600 ಮೀಟರ್ ಎತ್ತರದಲ್ಲಿದೆ. ಪ್ರತಿ 1000 ಅಡಿಗೆ ಗೇಜು ಸುಮಾರು 1 ಇಂಚು ಕಡಿಮೆ ತೋರಿಸುತ್ತದೆ. ಇಲ್ಲಿ 2 ಇಂಚು ಕಳೆದು ಓದಬೇಕು. 16 ಅಂದರೆ ಎಂಜಿನ್ ಸರಿ ಇದೆ.

ಆಮೇಲೆ ಎಂಜಿನ್ ಬಂದ್ ಮಾಡಿ, ಮ್ಯಾನಿಫೋಲ್ಡಿನ ಕಡೆಯ ಪೈಪು ಬಿಚ್ಚಿ, ಅದಕ್ಕೆ ಗೇಜು ಇರುವ ಕೈಪಂಪು ಸಿಕ್ಕಿಸಿ 15 ಇಂಚಿಗೆ ಎಳೆದೆವು. ಮುಳ್ಳು ನಿಲ್ಲಲೇ ಇಲ್ಲ, ನೋಡನೋಡುತ್ತ ಇಳಿಯಿತು. ಕಾಕಾ ಹೇಳಿದಂತೆ ನಾನು ಒಳಗೆ ಕೂತು ಗುಬ್ಬಿ ತಿರುಗಿಸಿದೆ: ಮುಖ, ಕಾಲು, ಗಾಜು, ಆಫ್. ಒಂದೇ ಜಾಗದಲ್ಲಿ ಮುಳ್ಳು ಇಳಿದಿದ್ದರೆ ತಪ್ಪು ಆ ಕೊಂಬೆಯದು, ಡ್ಯಾಶ್‌ಬೋರ್ಡು ಬಿಚ್ಚುವ ಪಾಡು ಬರುತ್ತಿತ್ತು. ಎಲ್ಲದರಲ್ಲೂ ಇಳಿಯಿತು. ಹಾಗಾದರೆ ತಪ್ಪು ಎಲ್ಲಕ್ಕೂ ಸಾಮಾನ್ಯವಾದ ಭಾಗದಲ್ಲಿ ಇರಬಹುದು. ಒಳಗೆ ಹೋಗುವ ಪೈಪನ್ನು ಇಕ್ಕಳದಿಂದ ಮೆಲ್ಲಗೆ ಅದುಮಿದೆವು. ಆದರೂ ಇಳಿಯಿತು. ಒಳಗಿನದೆಲ್ಲ ಲೆಕ್ಕದಿಂದ ಹೊರಗೆ! ಕಂಪ್ಯೂಟರ್ ಸೈನ್ಸಿನವರು ಬೈನರಿ ಸರ್ಚ್ ಅನ್ನುವುದು ಇದನ್ನೇ, ಕಾಕಾ ಅದಕ್ಕೆ ಹೆಸರಿಟ್ಟಿಲ್ಲ ಅಷ್ಟೇ.

ಡಬ್ಬಿಯನ್ನೇ ಬಿಚ್ಚಿ ನೇರವಾಗಿ ಪಂಪು ಹಚ್ಚಿದರೆ ಮುಳ್ಳು ಒಂದು ನಿಮಿಷ ಅಲುಗಲಿಲ್ಲ. ಚೆಕ್ ವಾಲ್ವನ್ನು ಬಾಯಿಂದ ಊದಿ ನೋಡಿದೆವು, ಒಂದೇ ಕಡೆಗೆ ಗಾಳಿ ಬಿಡುತ್ತಿತ್ತು. ಉಳಿದದ್ದು ಡಬ್ಬಿಯ ಮೂತಿಗೆ ಸಿಕ್ಕಿಸುವ ರಬ್ಬರಿನ ಮೊಣಕೈ. ಮೇಲೆ ನೋಡಿದರೆ ಚೆಂದ ಇತ್ತು. ಬಗ್ಗಿಸಿದಾಗ ಹಿಂಬದಿಯಲ್ಲಿ ಉಗುರಿನಷ್ಟು ಉದ್ದದ ಸೀಳು ಬಾಯಿ ಬಿಟ್ಟಿತು. ವರ್ಷಗಟ್ಟಲೆ ಎಂಜಿನ್ ಕಾವು, ಮೇಲೆ ನಮ್ಮ ಎರಿಭೂಮಿಯ ಧೂಳು. ರಬ್ಬರ್ ಕಟ್ಟಿಗೆಯಾಗಿತ್ತು.

ಇದಕ್ಕೆ ಮೊದಲು ನಾನೊಂದು ದಡ್ಡತನ ಮಾಡಿದ್ದೆ. ಎಂಜಿನ್ ಚಾಲೂ ಇರುವಾಗ 'ಸುಸ್' ಸಪ್ಪಳ ಕೇಳೋಣ ಅಂತ ಕೊರಳಲ್ಲಿ ಟವೆಲ್ ಇದ್ದಂತೆಯೇ ಬೆಲ್ಟಿನ ಹತ್ತಿರ ಬಗ್ಗಿದೆ. ಕಾಕಾ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದರು. ಊದಿನಕಡ್ಡಿ ಹೊಗೆಯಿಂದ ಸೋರಿಕೆ ಹುಡುಕುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಪೆಟ್ರೋಲ್ ಗಾಡಿಯ ಬಾನೆಟ್ ಕೆಳಗೆ ಕಿಡಿ ಒಯ್ಯುವುದು ನನಗಂತೂ ಒಪ್ಪಿಗೆಯಿಲ್ಲ.

ಸೀಳು ಸಣ್ಣದು, ಆದರೆ ಬ್ರೇಕ್ ಬೂಸ್ಟರಿಗೂ ವ್ಯಾಕ್ಯೂಮ್ ಅದೇ ಮ್ಯಾನಿಫೋಲ್ಡಿನಿಂದ. ಡೀಸೆಲ್ ಗಾಡಿಯಲ್ಲಿ ಥ್ರಾಟಲಿನ ಆಸರೆ ಇಲ್ಲದ್ದರಿಂದ ಬೇರೆ ಪಂಪು ಇರುತ್ತದೆ, ಬಹಳ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ. ಸೋರಿಕೆ ದೊಡ್ಡದಾದರೆ ಇಳಿಜಾರಿನಲ್ಲಿ ಪೆಡಲ್ ಕಲ್ಲಾಗುತ್ತದೆ. ಅದಕ್ಕೇ ಕಾಕಾ ಗಾಡಿ ಕೊಡುವ ಮೊದಲು ಎಂಜಿನ್ ಬಂದ್ ಇಟ್ಟು ಪೆಡಲನ್ನು ಗಟ್ಟಿಯಾಗುವ ತನಕ ನಾಲ್ಕೈದು ಸಲ ತುಳಿದು, ಒತ್ತಿ ಹಿಡಿದು ಚಾಲೂ ಮಾಡಿದರು. ಪೆಡಲ್ ತುಸು ಕೆಳಗಿಳಿಯಿತು. ಬೂಸ್ಟರ್ ಸರಿ ಇದೆ ಅಂತ. ನಿಮ್ಮ ಮನೆಯ ಗಾಡಿಯಲ್ಲೂ ಇದನ್ನು ಮಾಡಿ ನೋಡಬಹುದು, ಯಾವ ಸಾಮಾನೂ ಬೇಡ.

ಮಾಲೀಕರು ಮೀನಿನ ತೊಟ್ಟಿಯ ಪೈಪು ಹಾಕಿದರೆ ನಡೆಯುತ್ತದೇನು ಅಂತ ಕೇಳಿದರು. ನಡೆಯುವುದಿಲ್ಲ, ಕಾವಿಗೆ ಮೆತ್ತಗಾಗಿ ಒಳಕ್ಕೆ ಕುಸಿಯುತ್ತದೆ. ಗೋಡೆ ದಪ್ಪ ಇರುವ ವ್ಯಾಕ್ಯೂಮ್ ಪೈಪೇ ತರಿಸಿ, ಅದೇ ವಯಸ್ಸಿನ ಉಳಿದ ಮೂರು ಮೊಣಕೈಗಳನ್ನೂ ಬದಲಿಸಿದೆವು. ಸಂಜೆ ಗಜೇಂದ್ರಗಡದ ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ಹೋದಾಗ, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವ ತನಕವೂ ಗಾಳಿ ಮಾರಿಗೇ ಬರುತ್ತಿತ್ತು.